ಅಯೋವಾ ಎರಡೂವರೆ ಗಂಟೆ ದೂರ

ಸೆಪ್ಟೆಂಬರ್ 18, 2010, ಶನಿವಾರ

ಇವತ್ತು ಮತ್ತೆ ಮೂರು ಮನೆಗಳಿಂದ ಹಾಟ್‌ಡಿಶ್ ಬಂತು. ಮೂರರಲ್ಲೂ ಅದೇ ಕೀಮಾ, ಅದೇ ಡಬ್ಬಿಯ ಅಣಬೆ ಸೂಪು, ಮೇಲೆ ಅದೇ ಆಲೂಗಡ್ಡೆ ಉಂಡೆಗಳ ಸಾಲು. ಉಪ್ಪು ಹಾಕಲು ಮಾತ್ರ ಒಬ್ಬರಿಗೂ ಕೈ ಬಂದಿಲ್ಲ. ನಮ್ಮೂರು ನಾರ್ಡಾಲ್‌ನ ಶಾಲೆಯ ಅಡುಗೆಮನೆಯಲ್ಲಿ ಜೀವಮಾನವೆಲ್ಲ ಸೌಟು ತಿರುವಿದವಳಿಗೆ ಇದನ್ನು ತಿನ್ನುವುದು ಶಿಕ್ಷೆಯೇ. ಆದರೂ ತಿಂದೆ. ಮಾರ್ಲಿಸ್ ಎರಡು ಚಮಚ ತಿಂದು, ನನ್ನ ಮುಖ ನೋಡಿ ನಕ್ಕಳು.

ಅವಳಿಗೆ ಪ್ಯಾಂಕ್ರಿಯಾಸಿನ ಕ್ಯಾನ್ಸರ್ ಎಂದು ನಾವು ಯಾರಿಗೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಡಾಕ್ಟರು ಹೇಳಿದ ವಾರದಲ್ಲೇ ಊಟ ಬರತೊಡಗಿತು. ನಮ್ಮೂರಿನವರು ಹಾಗೆ. ಏನು ಕಾಯಿಲೆ ಎಂದು ಯಾರೂ ಕೇಳುವುದಿಲ್ಲ. ಬಾಗಿಲಿಗೆ ಬರುತ್ತಾರೆ, ಈ ವರ್ಷ ಚಳಿ ಬೇಗ ಬಂತು ಅನ್ನುತ್ತಾರೆ, ಬಿಸಿ ಗಾಜಿನ ತಟ್ಟೆಯನ್ನು ಕೈಗಿಟ್ಟು ಹೋಗುತ್ತಾರೆ. ತಟ್ಟೆಯ ತಳದಲ್ಲಿ ಟೇಪು ಅಂಟಿಸಿ ಹೆಸರು ಬರೆದಿರುತ್ತದೆ. ಅಷ್ಟರಲ್ಲಿ ಎಲ್ಲ ಮಾತೂ ಮುಗಿಯಿತು. ಮೂವತ್ತು ವರ್ಷ ಈ ಸುತ್ತಿನ ಮನೆಮನೆಗೂ ಟಪಾಲು ಹಾಕಿದವಳು ಮಾರ್ಲಿಸ್. ಈಗ ಮನೆಮನೆಯೂ ನಮ್ಮ ಬಾಗಿಲಿಗೆ ಬರುತ್ತಿದೆ. ನನಗೆ ಅರವತ್ತನಾಲ್ಕು, ಅವಳಿಗೆ ಅರವತ್ತೇಳು, ಊರಿಗೆ ನಾವು ಇನ್ನೂ 'ಆ ಹುಡುಗಿಯರು'.

ಊಟವಾದ ಮೇಲೆ ಮಾರ್ಲಿಸ್ ಇದ್ದಕ್ಕಿದ್ದಂತೆ ಅಂದಳು: "ಬರೋ ವಾರ ಅಯೋವಾಗೆ ಹೋಗಿ ಮದುವೆ ಮಾಡ್ಕೊಂಡು ಬರೋಣ ಕಣೇ. ಎರಡೂವರೆ ಗಂಟೆ ದಾರಿ. ಗಾಡಿ ಓಡಿಸೋಕೆ ನಂಗಿನ್ನೂ ಶಕ್ತಿ ಇದೆ."

ಜೊತೆಗಿದ್ದ ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅವಳ ಬಾಯಲ್ಲಿ ಆ ಮಾತು ಬಂತು. ನನಗೆ ಎದೆ ತುಂಬಿ ಬಂತು, ಅದನ್ನು ಮುಚ್ಚಿಕೊಳ್ಳಲು ಬೈದೆ. ಕಳ್ಳರ ಹಾಗೆ ಇನ್ನೊಂದು ರಾಜ್ಯಕ್ಕೆ ಓಡಿಹೋಗಿ ಮದುವೆಯಾಗುವ ವಯಸ್ಸೇ ನಮ್ಮದು? ಅಲ್ಲಿ ಇಬ್ಬರು ಹೆಂಗಸರ ಮದುವೆಗೆ ಕಾನೂನಿದೆ, ಆದರೆ ಗಡಿ ದಾಟಿ ನಮ್ಮ ಮಿನೆಸೋಟಕ್ಕೆ ಬಂದರೆ ಅದಕ್ಕೆ ಬೆಲೆಯಿಲ್ಲ. ನವೆಂಬರಿನ ಚುನಾವಣೆಯೊಂದು ಕಳೆಯಲಿ. ನಮ್ಮ ಶಾಸಕಿ ಕೋರಿನ್ ಹೌಗೆನ್ ಪ್ರತಿಸಲದಂತೆ ಗೆಲ್ಲುತ್ತಾಳೆ, ನಮ್ಮಂಥವರ ಮದುವೆಯ ಕಾನೂನಿಗೆ ಕೈ ಎತ್ತುತ್ತೇನೆ ಎಂದು ಬಹಿರಂಗವಾಗಿಯೇ ಹೇಳಿದ್ದಾಳೆ. ವಸಂತಕ್ಕೆ ಕಾನೂನು ಬರುತ್ತದೆ. ಆಗ ನಮ್ಮ ಚರ್ಚಿನಲ್ಲೇ, ನಮ್ಮ ಜನರ ಎದುರಿಗೇ, ಆಮೇಲೆ ನೆಲಮಾಳಿಗೆಯಲ್ಲಿ ಎಲ್ಲರಿಗೂ ಕಾಫಿ, ಕೇಕು. ಊಟಕ್ಕೆ ಉಪ್ಪು ನಾನೇ ಹಾಕುತ್ತೇನೆ.

"ವಸಂತಕ್ಕಾ?" ಅಂದಳು. ಆಮೇಲೆ, "ನೀನು ಹೇಳಿದ ಹಾಗೆ."

ಅಕ್ಟೋಬರ್ 3, ಭಾನುವಾರ

ಚರ್ಚಿನಿಂದ ಬಂದವಳೇ ಪಕ್ಕದ ಮನೆಯ ಆರ್ಡಿಸ್ ಅಂಗಿಯ ತೋಳು ಮಡಚಿಕೊಂಡು ನಮ್ಮ ಅಡುಗೆಮನೆಯಲ್ಲಿ ನಿಂತಳು. ಆರ್ಡಿಸ್ ಟ್ವೇಟ್‌ಗೆ ಎಪ್ಪತ್ತೊಂದು, ಗಂಡ ಹೋಗಿ ಹತ್ತು ವರ್ಷವಾಯಿತು, ಚರ್ಚಿನ ಅಡುಗೆಮನೆಗೆ ಅವಳೇ ದಂಡನಾಯಕಿ. ಮಾರ್ಲಿಸ್‌ಗೆ ಬಾಗಿ ತಲೆ ತೊಳೆದುಕೊಳ್ಳಲು ಆಗುತ್ತಿಲ್ಲವೆಂದು ಯಾರು ಹೇಳಿದರೋ ಗೊತ್ತಿಲ್ಲ. ಕುರ್ಚಿಯನ್ನು ಸಿಂಕಿಗೆ ಆನಿಸಿ, ಟವೆಲ್ ಸುತ್ತಿ, ಮಗುವಿಗೆ ತೊಳೆದ ಹಾಗೆ ತೊಳೆದಳು. ಮುಗಿದ ಮೇಲೆ, ನಿನ್ನ ಕೂದಲು ಈಗಲೂ ನನ್ನದಕ್ಕಿಂತ ದಟ್ಟ ಕಣೇ ಎಂದು ಬೈದು ಹೋದಳು. ಪ್ರತಿ ಭಾನುವಾರ ಬರುತ್ತಾಳಂತೆ.

ಇಂಥವರನ್ನು ಬಿಟ್ಟು ಅಯೋವಾದಲ್ಲಿ ಯಾರೋ ಗುರುತಿಲ್ಲದ ಗುಮಾಸ್ತನ ಎದುರು ನಿಲ್ಲಬೇಕಿತ್ತೇ? ಮಾರ್ಲಿಸ್‌ಗೆ ಇದನ್ನೇ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು ಬಿಸಿಲಿಗೆ ಕೂದಲು ಒಣಗಿಸುತ್ತಿದ್ದಳು.

ಅಕ್ಟೋಬರ್ 14, ಗುರುವಾರ

ಶಾಲೆಯ ಜಿಮ್ಮಿನಲ್ಲಿ ಇಬ್ಬರು ಅಭ್ಯರ್ಥಿಗಳ ಮಾತುಕತೆ. ಮಾರ್ಲಿಸ್ ಮಲಗಿದ್ದಳು, ಆರ್ಡಿಸ್ ಕಾಯುತ್ತೇನೆಂದಳು, ನಾನು ಹೋದೆ.

ಕೋರಿನ್ ಚೆನ್ನಾಗಿ ಮಾತಾಡಿದಳು. ಎದುರಾಳಿ ಬ್ರೆಂಟ್ ಓಡೆಗಾರ್ಡ್, ಟ್ರ್ಯಾಕ್ಟರ್ ಅಂಗಡಿಯವನು. ನನ್ನ ಕೈಯಲ್ಲಿ ಊಟ ಮಾಡಿ ಬೆಳೆದ ಹುಡುಗ. ಬಟಾಣಿಯನ್ನೆಲ್ಲ ಕರವಸ್ತ್ರದಲ್ಲಿ ಮುಚ್ಚಿಡುತ್ತಿದ್ದ. ಯಾರೋ ಸಮಾನತೆಯ ಬಗ್ಗೆ ಕೇಳಿದರು. ಅವನು ಕೆಂಪಾದ. ತನಗೆ ಯಾರ ಮೇಲೂ ದ್ವೇಷವಿಲ್ಲ, ತನ್ನ ಅಕ್ಕಪಕ್ಕದಲ್ಲೂ ಅಂಥವರಿದ್ದಾರೆ, ಅವರ ಗೊಡವೆಗೆ ತಾನು ಹೋಗುವುದಿಲ್ಲ, ಆದರೆ ಮದುವೆ ಎಂದರೆ ಒಬ್ಬ ಗಂಡಸು ಒಬ್ಬ ಹೆಂಗಸು, ಅದನ್ನು ಸಂವಿಧಾನದಲ್ಲೇ ಬರೆದುಬಿಡಬೇಕು ಎಂದ. ಹವಾಮಾನ ಹೇಳುವವನ ದನಿಯಲ್ಲಿ ಹೇಳಿದ.

ಜನ ಇಬ್ಬರಿಗೂ ಚಪ್ಪಾಳೆ ತಟ್ಟಿದರು. ಕೋರಿನ್‌ಗೆ ಬಿದ್ದದ್ದು ಸ್ವಲ್ಪ ಜಾಸ್ತಿಯಿತ್ತು, ನಾನು ಕಿವಿಗೊಟ್ಟು ಕೇಳಿದೆ. ಹೊರಡುವಾಗ ಬ್ರೆಂಟ್ ಓಡಿಬಂದು ಬಾಗಿಲು ಹಿಡಿದ. ಮಾರ್ಲಿಸ್ ಹೇಗಿದ್ದಾರೆ, ಅಮ್ಮ ನಾಳೆ ಏನೋ ಮಾಡಿ ಕಳಿಸುತ್ತಾರಂತೆ ಎಂದ. ಪಾಪ, ಸೋಲುವ ಹುಡುಗ. ಬಟಾಣಿ ಹಾಕಬೇಡ ಅಂತ ಅಮ್ಮನಿಗೆ ಹೇಳು ಅಂದೆ. ನಗುತ್ತಾ ಹೋದ.

ಮನೆಗೆ ಬಂದು ಆರ್ಡಿಸ್‌ಗೆ ನಡೆದದ್ದನ್ನೆಲ್ಲ ಹೇಳಿದೆ. ಜಿಮ್ಮಿನಲ್ಲಿ ಹೀಟರ್ ಹಾಕಿದ್ದರೇ ಎಂದು ಕೇಳಿದಳು. ಅವಳ ಅಂಗಳದಲ್ಲಿ ಯಾವ ಕಡೆಯ ಚುನಾವಣಾ ಬೋರ್ಡೂ ಇಲ್ಲ. ನೀನು ಯಾರಿಗೆ ಎಂದು ನಾನು ಕೇಳಲಿಲ್ಲ. ಅದು ಒಬ್ಬರ ಸಂಬಳ ಕೇಳಿದ ಹಾಗೆ. ಕೇಳುವ ಅಗತ್ಯವೂ ಇಲ್ಲ. ನಮ್ಮ ಫ್ರಿಜ್ಜಿನ ಬಾಗಿಲು ತೆಗೆದರೆ ಸಾಕು, ಊರಿನ ಮನಸ್ಸೇನು ಎಂದು ತಿಳಿಯುತ್ತದೆ.

ಅಕ್ಟೋಬರ್ 27, ಬುಧವಾರ

ನೋವಿನ ಔಷಧ ಹೆಚ್ಚಿಸಿದ್ದಾರೆ. ನರ್ಸು ನನ್ನನ್ನು 'ಫ್ರೆಂಡ್' ಎಂದು ಬರೆದುಕೊಂಡಳು. ಬರೆದುಕೊಳ್ಳಲಿ, ವಸಂತಕ್ಕೆ ತಿದ್ದುತ್ತಾಳೆ.

ಮಾರ್ಲಿಸ್ ಯಾವ ಬಟ್ಟೆ ಹಾಕಿಕೊಳ್ಳಲಿ ಎಂದು ಕೇಳಿದಳು. ಮದುವೆಗೆ. ಟಪಾಲಿನ ಜಾಕೆಟ್ ಬಿಟ್ಟು ಏನಾದರೂ ಸರಿ ಅಂದೆ. ಅವಳಿಗೆ ಅದೇ ಬೇಕಂತೆ.

ನವೆಂಬರ್ 2, ಮಂಗಳವಾರ

ಓಟು ಹಾಕಿ ಬಂದೆವು. ಅಂಚೆಯಲ್ಲಿ ಹಾಕಬಹುದಿತ್ತು, ಮಾರ್ಲಿಸ್ ಒಪ್ಪಲಿಲ್ಲ; ಊರಿನ ಹಾಲಿಗೇ ಹೋಗಬೇಕಂತೆ. ಆರ್ಡಿಸ್ ತನ್ನ ಗಾಡಿಯಲ್ಲಿ ಕರೆದುಕೊಂಡು ಹೋದಳು, ಸೀಟಿಗೆ ದಿಂಬು ಇಟ್ಟು, ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಸಾಲಿನಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕೆಲವರು ಟೋಪಿ ತೆಗೆದರು. ನನಗೆ ಅಳು ಬಂದುಬಿಟ್ಟಿತು.

ಮೂವರೂ ಒಂದೇ ಸಾಲಿನಲ್ಲಿ ನಿಂತು ಬರೆದೆವು, ನಡುವೆ ಬರೀ ರಟ್ಟಿನ ಮರೆ. ಮಾರ್ಲಿಸ್ ಕೋಟಿಗೆ 'ಓಟು ಹಾಕಿದೆ' ಎನ್ನುವ ಸ್ಟಿಕರ್ ಅಂಟಿಸಿಕೊಂಡು, ಮನೆಗೆ ಬಂದ ಮೇಲೂ ಕೋಟು ತೆಗೆಯಲಿಲ್ಲ. ಇವತ್ತು ಒಂದು ಇಡೀ ಮೊಟ್ಟೆ ತಿಂದಳು.

ನವೆಂಬರ್ 3, ಬುಧವಾರ

ಕೋರಿನ್ ಸೋತಳು.

ಬೆಳಿಗ್ಗೆ ರೇಡಿಯೋ ಹಾಕಿದಾಗ ಬೇರೆ ಯಾವುದೋ ಕ್ಷೇತ್ರದ ಹೆಸರು ಹೇಳುತ್ತಿದ್ದಾರೆ ಅಂದುಕೊಂಡೆ. ಶಾಸನಸಭೆಯ ಎರಡೂ ಸದನಗಳು ಆ ಕಡೆಯವರ ಕೈಗೆ ಹೋಗಿವೆ. ಹೀಗಾಗುತ್ತದೆಂದು ಯಾರೂ ಎಣಿಸಿರಲಿಲ್ಲ ಎಂದು ರೇಡಿಯೋದವನೇ ಹೇಳಿದ. ವಸಂತಕ್ಕೆ ಯಾವ ಕಾನೂನೂ ಬರುವುದಿಲ್ಲ.

ಮಾರ್ಲಿಸ್ ಕೇಳಿಸಿಕೊಂಡು, "ಸರಿ ಬಿಡು" ಅಂದಳು. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 4, ಗುರುವಾರ

ಪೇಪರಿನಲ್ಲಿ ಊರೂರಿನ ಲೆಕ್ಕ ಹಾಕಿದ್ದಾರೆ. ಬೇರೆ ಊರಿನವರು ಸೋಲಿಸಿರಬೇಕು, ಹೆದ್ದಾರಿಯಾಚೆಯ ಹೊಸ ಬಡಾವಣೆಗಳ ಕೆಲಸ ಎಂದು ನಿನ್ನೆಯೆಲ್ಲ ಅಂದುಕೊಂಡಿದ್ದೆ. ಅಲ್ಲ. ನಾರ್ಡಾಲ್‌ನಲ್ಲೇ ಬ್ರೆಂಟ್‌ಗೆ ಮೂರರಲ್ಲಿ ಎರಡು ಪಾಲು ಓಟು ಬಿದ್ದಿದೆ.

ಅಂದರೆ ಟೋಪಿ ತೆಗೆದವರು, ದಾರಿ ಬಿಟ್ಟವರು.

ಫ್ರಿಜ್ಜಿನ ಬಾಗಿಲು ತೆಗೆದು ನಿಂತೆ. ತಟ್ಟೆಗಳನ್ನು ಒಂದೊಂದಾಗಿ ಎತ್ತಿ ತಳದ ಹೆಸರು ಓದಿದೆ. ಇದರಲ್ಲಿ ಯಾವ ಎರಡು, ಯಾವ ಒಂದು? ಸಂಜೆ ಬಾಗಿಲಿನ ಹೊರಗೆ ಯಾರೋ ಹೊಸದೊಂದು ಇಟ್ಟು ಹೋಗಿದ್ದರು, ಇನ್ನೂ ಬಿಸಿಯಿತ್ತು. ಹೆಸರು ನೋಡದೆ ಕಸದ ಡಬ್ಬಕ್ಕೆ ಸುರಿದೆ. ಮಕ್ಕಳು ತಟ್ಟೆಯಲ್ಲಿ ಒಂದು ತುತ್ತು ಬಿಟ್ಟರೂ ಸಹಿಸುತ್ತಿರಲಿಲ್ಲ ನಾನು. ಸುರಿದ ಮೇಲೆ ಏನೂ ಅನಿಸಲಿಲ್ಲ.

ನವೆಂಬರ್ 7, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಆರ್ಡಿಸ್ ತಲೆ ತೊಳೆಯಲು ಬಂದಳು. ಮಾರ್ಲಿಸ್ ಮಲಗಿದ್ದಾಳೆ ಎಂದು ಬಾಗಿಲಿನಿಂದಲೇ ಕಳಿಸಿದೆ. ಮಾರ್ಲಿಸ್ ಮಲಗಿರಲಿಲ್ಲ.

"ಯಾಕೆ ಅವಳನ್ನ ಕಳಿಸಿದೆ? ಪರದೆ ಯಾಕೆ ಎಳೆದಿದೀಯಾ?" ಎಂದು ಕೇಳಿದಳು. ಚಳಿ ಎಂದೆ. ಅವಳ ತಲೆಯನ್ನು ನಾನೇ ತೊಳೆದೆ, ನೀರು ಕಿವಿಗೆಲ್ಲ ಹೋಯಿತು.

ನಾಳೆ ಅಯೋವಾಗೆ ಹೋಗೋಣ ಅಂದೆ. ಅರ್ಜಿ ಕೊಟ್ಟು ಮೂರು ದಿನ ಕಾಯಬೇಕಂತೆ, ಕಾಯೋಣ, ಮೋಟೆಲ್ಲಿನಲ್ಲಿ ಇರೋಣ. ಅವಳು ಟಪಾಲಿನ ಜಾಕೆಟ್ ತೆಗೆದಿಡು ಅಂದಳು.

ನವೆಂಬರ್ 8, ಸೋಮವಾರ

ಆಗಲಿಲ್ಲ.

ಬೆಳಿಗ್ಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಮಾರ್ಲಿಸ್, ದಿಂಬು, ಬಕೆಟ್ಟು, ಔಷಧ. ಮೊದಲ ಅರ್ಧ ಗಂಟೆ ಅವಳು ದಾರಿಯ ಟಪಾಲು ಪೆಟ್ಟಿಗೆಗಳನ್ನು ನೋಡುತ್ತಾ ಇದು ಯಾರದು, ಅದರ ಮುಚ್ಚಳ ಹೇಗೆ ಕಿತ್ತುಹೋಯಿತು ಎಂದು ಹೇಳುತ್ತಿದ್ದಳು. ಆಮೇಲೆ ಮಾತು ನಿಂತಿತು. ಕನ್ನಡಿಯಲ್ಲಿ ನೋಡಿದರೆ ತುಟಿ ಕಚ್ಚಿಕೊಂಡು ಬೆಳ್ಳಗಾಗಿದ್ದಾಳೆ. ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ವಾಂತಿಯಲ್ಲಿ ರಕ್ತ ಬಂತು. ಇನ್ನೂ ಅರ್ಧ ದಾರಿ ಬಾಕಿ ಇತ್ತು.

ಮುಂದೆ ಹೋಗು ಅಂದಳು. ನಾನು ಗಾಡಿ ತಿರುಗಿಸಿದೆ. ಊರಿನ ತಿರುವು ಬಂದಾಗ, "ಸೆಪ್ಟೆಂಬರಲ್ಲಿ ಎಷ್ಟು ಚೆನ್ನಾಗಿತ್ತು ಬಿಸಿಲು" ಅಂದಳು. ತಪ್ಪು ಹೊರಿಸುವ ದನಿಯಲ್ಲ, ಸುಮ್ಮನೆ ಅಂದಳು. ನನ್ನಿಂದಲೇ ಆದದ್ದು. ಅವರ ಊಟ ತಿಂದು, ಅವರ ಮುಗುಳ್ನಗೆ ನೋಡಿ, ಅವರ ಓಟನ್ನು ನಾನೇ ಎಣಿಸಿಕೊಂಡುಬಿಟ್ಟೆ.

ನವೆಂಬರ್ 25, ಥ್ಯಾಂಕ್ಸ್‌ಗಿವಿಂಗ್

ಆ ಜನ ಇನ್ನೂ ತಂದಿಡುತ್ತಲೇ ಇದ್ದಾರೆ. ಇವತ್ತು ಟರ್ಕಿ ಕೋಳಿ, ಬೆಣ್ಣೆ ಸವರಿದ ಲೆಫ್ಸೆ ರೊಟ್ಟಿ. ನಾನು ಬಾಗಿಲು ತೆಗೆಯುವುದಿಲ್ಲ, ಅವರು ಮೆಟ್ಟಿಲ ಮೇಲಿಟ್ಟು ಹೋಗುತ್ತಾರೆ. ಒಂದೂ ತಟ್ಟೆ ಹಿಂದಿರುಗಿಸಿಲ್ಲ. ತೊಳೆಯದೆ ಗ್ಯಾರೇಜಿನಲ್ಲಿ ಪೇರಿಸಿದ್ದೇನೆ.

ಮಾರ್ಲಿಸ್ ಏನೂ ತಿನ್ನುವುದಿಲ್ಲ. ಲೆಫ್ಸೆಯ ವಾಸನೆ ಬರುತ್ತಿದೆ, ಆರ್ಡಿಸ್ ಮಾಡಿದ್ದಲ್ಲವೇ ಎಂದು ಕೇಳಿದಳು. ಹೌದು ಅಂದೆ. ಸಣ್ಣ ಚೂರು ತುಟಿಗೆ ತಾಗಿಸಿ, ಚೆನ್ನಾಗಿದೆ ಎಂದು ಅವಳಿಗೆ ಹೇಳು ಅಂದಳು. ಹೇಳಲಿಲ್ಲ.

ಡಿಸೆಂಬರ್ 3, ಶುಕ್ರವಾರ

ಮಾರ್ಲಿಸ್ ಹೋದಳು. ಬೆಳಗಿನ ಹಿಮ ಬೀಳುತ್ತಿತ್ತು. ನನ್ನ ಕೈ ಅವಳ ಕೈಯಲ್ಲಿತ್ತು.

ಡಿಸೆಂಬರ್ 8, ಬುಧವಾರ

ಮಣ್ಣಾಯಿತು.

ಅವಳ ಅಣ್ಣ ವರ್ಲಿನ್ ಅರಿಜೋನಾದಿಂದ ಹೆಂಡತಿ ಮಕ್ಕಳೊಡನೆ ಬಂದಿದ್ದ. ಆರು ವರ್ಷವಾಗಿತ್ತು ಅವನು ತಂಗಿಯನ್ನು ನೋಡಿ. ಕಾಗದಗಳಿಗೆಲ್ಲ ಅವನೇ ಸಹಿ ಹಾಕಿದ, ಕಾನೂನಿನ ಪ್ರಕಾರ ಅವಳಿಗೆ ಇರುವವನು ಅವನೊಬ್ಬನೇ. ಅಪ್ಪ ಅಮ್ಮನ ಪಕ್ಕದಲ್ಲಿ ಜಾಗವಿದೆ, ಅಲ್ಲೇ ಇಡೋಣ ಎಂದ. ಅಲ್ಲಿ ಉಳಿದಿದ್ದುದು ಒಂದೇ ಜಾಗ. ಕೆಟ್ಟವನಲ್ಲ. "ಲಾವೋನ್, ನಿಂಗೇನಾದ್ರೂ ಬೇಕಿದ್ರೆ ಕೇಳು" ಅಂದ. ಅವಳನ್ನು ನನಗೆ ಬಿಡು ಎಂದು ಕೇಳಬೇಕಿತ್ತು. ಟಪಾಲಿನ ಜಾಕೆಟ್ ಹಾಕಿಸಿ ಎಂದಷ್ಟೇ ಕೇಳಿದೆ. ಅವನ ಹೆಂಡತಿ ಅಷ್ಟರಲ್ಲೇ ನೀಲಿ ಫ್ರಾಕು ತಂದುಬಿಟ್ಟಿದ್ದಳು.

ನಮ್ಮ ಚರ್ಚಿನಲ್ಲಿ ಸತ್ತವರ ಮನೆಯವರು ಕೆಳಗೆ ಸೇರಿ, ಎಲ್ಲರೂ ಕೂತ ಮೇಲೆ ಪೆಟ್ಟಿಗೆಯ ಹಿಂದೆ ನಡೆದು ಬರುತ್ತಾರೆ. ವರ್ಲಿನ್, ಅವನ ಹೆಂಡತಿ, ಇಬ್ಬರು ಮಕ್ಕಳು ನಡೆದು ಬಂದರು. ನಾನು ಅಷ್ಟರಲ್ಲಿ ಮೂರನೆಯ ಸಾಲಿನಲ್ಲಿ ಕೂತು, ಎಲ್ಲರ ಜೊತೆ ಎದ್ದು ನಿಂತೆ. ಪಾಸ್ಟರ್ ಅವಳ ಜೀವನದ ವಿವರ ಓದಿದರು. ಅಣ್ಣನನ್ನೂ ಅವನ ಮಕ್ಕಳನ್ನೂ ಅನೇಕ ಸ್ನೇಹಿತರನ್ನೂ ಅಗಲಿದ್ದಾರೆ ಎಂದರು, 'ಆಪ್ತ ಗೆಳತಿ ಲಾವೋನ್' ಎಂದೂ ಒಂದು ಕಡೆ ಬಂತು. ಮದುವೆಯಾಗಿರಲಿಲ್ಲ ಎಂದರು.

ಆಮೇಲೆ ನೆಲಮಾಳಿಗೆಯಲ್ಲಿ ಊಟ. ಮನೆಯವರ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದರು, ಅಲ್ಲಿ ನಾಲ್ಕೇ ಕುರ್ಚಿ. ಎಲ್ಲಿ ಕೂರುವುದೋ ತೋಚಲಿಲ್ಲ. ಅಡುಗೆಮನೆಗೆ ಹೋಗಿ ಏಪ್ರನ್ ಕಟ್ಟಿಕೊಂಡೆ. ಹ್ಯಾಮ್ ಸ್ಯಾಂಡ್‌ವಿಚ್ ಬಡಿಸಿದೆ, ಕಾಫಿ ಬಗ್ಗಿಸಿದೆ. ಏಪ್ರನ್ ಇದ್ದರೆ ನಿಲ್ಲುವುದಕ್ಕೆ ಒಂದು ಜಾಗವಾದರೂ ಇರುತ್ತದೆ. ಬ್ರೆಂಟ್ ಬಂದು ಎರಡೂ ಕೈಯಿಂದ ನನ್ನ ಕೈ ಹಿಡಿದ, ಕಣ್ಣಲ್ಲಿ ನಿಜವಾದ ನೀರಿತ್ತು. ಅವನಿಗೆ ಕಾಫಿ ಕೊಟ್ಟೆ.

ಡಿಸೆಂಬರ್ 15, ಬುಧವಾರ

ಮಧ್ಯಾಹ್ನ ಆರ್ಡಿಸ್ ಬಂದಳು. ಕೈಯಲ್ಲಿ ಸಣ್ಣ ತಟ್ಟೆ, ಒಬ್ಬಳಿಗೆ ಆಗುವಷ್ಟು. ಮೆಟ್ಟಿಲ ಮೇಲಿಟ್ಟು ಹೋಗಲಿಲ್ಲ, ಬಡಿಯುತ್ತಲೇ ಇದ್ದಳು. ಆ ಚಳಿಯಲ್ಲಿ ಎಷ್ಟು ಹೊತ್ತು ನಿಲ್ಲಿಸುವುದು? ತೆಗೆದೆ. ಕೂರು ಅನ್ನಲಿಲ್ಲ. ನನ್ನ ಬಾಯಿಂದ ಅದು ತಾನಾಗಿಯೇ ಬಂದುಬಿಟ್ಟಿತು.

"ಯಾರಿಗೆ ಓಟು ಹಾಕಿದೆ, ಆರ್ಡಿಸ್?"

ಅವಳು ಕೈಗವಸು ತೆಗೆದು ಮಡಚಿದಳು. ಬ್ರೆಂಟ್‌ಗೆ ಎಂದಳು. ಜಮೀನಿನ ತೆರಿಗೆ ವಿಪರೀತವಾಗಿದೆ, ಗಂಡ ಬಿಟ್ಟುಹೋದ ಜಾಗ ಮಾರಬೇಕಾಗುತ್ತದೆ ಎಂದು ಭಯ, ಬ್ರೆಂಟ್ ತನ್ನ ಹತ್ತಿರವೇ ಸಂಡೇ ಸ್ಕೂಲ್ ಕಲಿತ ಹುಡುಗ. ಅವನ ಕರಪತ್ರದಲ್ಲಿ ಮದುವೆಯ ವಿಷಯವೂ ಇತ್ತಲ್ಲ ಎಂದೆ.

"ಇತ್ತು. ಓದಿದ್ದೆ. ಅದು ಟೀವಿಲಿ ಮೆರವಣಿಗೆ ಮಾಡ್ತಾರಲ್ಲ, ಆ ಜನರ ವಿಷಯ ಅಂದ್ಕೊಂಡೆ. ನೀವಿಬ್ರು ನೆನಪಿಗೇ ಬರ್ಲಿಲ್ಲ ಕಣೇ."

ಅವಳ ಗಾಡಿಯಲ್ಲೇ ನಾವು ಹೋಗಿದ್ದೆವು. ಆ ಕೈಯಿಂದ ಮಾರ್ಲಿಸ್‌ಳ ಮೊಣಕೈ ಹಿಡಿದಿದ್ದಳು, ಅದೇ ಕೈಯಿಂದ ಬರೆದಳು, ಮತ್ತೆ ಬಂದು ಹಿಡಿದುಕೊಂಡಳು. ಎಲ್ಲವನ್ನೂ ಹೇಳಿದೆ. ಸೆಪ್ಟೆಂಬರಿನಲ್ಲಿ ಮಾರ್ಲಿಸ್ ಅಯೋವಾಗೆ ಹೋಗೋಣ ಅಂದದ್ದು, ನಾನು ಬೇಡ ಅಂದದ್ದು, ನಿಮ್ಮನ್ನೆಲ್ಲ ನಂಬಿ ಕಾದದ್ದು, ಪೆಟ್ರೋಲ್ ಬಂಕು, ರಕ್ತ. ಇಷ್ಟು ವರ್ಷದಲ್ಲಿ ಅವಳ ಎದುರು ನಮ್ಮ ಮದುವೆಯ ಮಾತನ್ನು ನಾನು ಒಮ್ಮೆಯೂ ಆಡಿರಲಿಲ್ಲ. ಆರ್ಡಿಸ್ ನಿಧಾನವಾಗಿ ಮಾರ್ಲಿಸ್‌ಳ ಕುರ್ಚಿಯಲ್ಲಿ ಕೂತಳು.

"ನಂಗೆ ಒಂದ್ ಮಾತು ಹೇಳಬಾರ್ದಾಗಿತ್ತಾ ಲಾವೋನ್? ಆಗಲೇ ಹೇಳಿದ್ರೆ ನಾನೇ ಗಾಡಿಲಿ ಕರ್ಕೊಂಡ್ ಹೋಗ್ತಿದ್ದೆ. ಸಾಕ್ಷಿ ಬೇಕು ಅಂದಿದ್ರೆ ಸಾಕ್ಷಿನೂ ಹಾಕ್ತಿದ್ದೆ."

ಅವಳ ಮುಖದಲ್ಲಿ ಸುಳ್ಳು ಹುಡುಕಿದೆ. ಸುಳ್ಳಾಗಿದ್ದರೆ ಹೊರಗೆ ಹಾಕಿ ಬಾಗಿಲು ಮುಚ್ಚುತ್ತಿದ್ದೆ. ಆರ್ಡಿಸ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಅತ್ತಳು, ಕಾಫಿ ಮಾಡಿಕೊಟ್ಟೆ, ಕುಡಿದು ಹೋದಳು. ನಾನು ಇನ್ನೂ ಇಲ್ಲೇ ಕೂತಿದ್ದೇನೆ.

ಹೌದು, ಖಂಡಿತ ಕರೆದುಕೊಂಡು ಹೋಗುತ್ತಿದ್ದಳು. ಸೀಟಿಗೆ ದಿಂಬು ಇಟ್ಟು, ದಾರಿಗೆ ಸ್ಯಾಂಡ್‌ವಿಚ್ ಕಟ್ಟಿಕೊಂಡು, ಮಾರ್ಲಿಸ್‌ಳ ತಲೆ ಬಾಚಿ, ನಮ್ಮ ಪಕ್ಕದಲ್ಲಿ ನಿಂತು ಮದುವೆ ಮಾಡಿಸಿ, ಮನೆಗೆ ಕರೆತಂದು ಬಿಡುತ್ತಿದ್ದಳು. ನವೆಂಬರಿನಲ್ಲಿ ಹೋಗಿ ಬ್ರೆಂಟ್‌ಗೇ ಓಟು ಹಾಕುತ್ತಿದ್ದಳು.